ಅಂಜಿಕೆ ಬರೆಸುತ್ತಿದ್ದ ಅಂಗಡಿಯವನು

ಅವನ ಬಲಗಣ್ಣಿನ ಸುತ್ತ ಬಳೆ ಒತ್ತಿದಂತಹ ಒಂದು ಗುರುತಿತ್ತು. ಮುಂಜಾನೆಯಿಂದ ಸಂಜೆಯವರೆಗೆ ಆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೊಬೈಲುಗಳ ಹೊಟ್ಟೆ ಬಗೆಯುತ್ತ ಕೂತಿರುತ್ತಿದ್ದ. ಭೂತಗನ್ನಡಿ ತೆಗೆದರೂ ಗುರುತು ಹೋಗುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಆ ಕಣ್ಣನ್ನು ಕಿರಿದು ಮಾಡಿ ನೋಡುತ್ತಿದ್ದ, ನಮ್ಮೊಳಗೂ ಯಾವುದೋ ತಂತಿ ಬಿಟ್ಟಿದೆಯೇನೋ ಎಂದು ಹುಡುಕುವವನ ಹಾಗೆ.

ರಾಯಚೂರಿನಲ್ಲಿ ನಮ್ಮ ಓಣಿಯ ಬಾಯಿಗೇ ಅವನ ರಿಪೇರಿ ಅಂಗಡಿ. ನನ್ನ ಮಗನ ವಯಸ್ಸಿನವನು, ಅದಕ್ಕೇ ‘ಅವನು’ ಎಂದು ಬರೆಯುತ್ತೇನೆ. ಗೌರವ ಕಡಿಮೆ ಎಂದು ಯಾರೂ ತಿಳಿಯಬಾರದು. ನಾನು ಕಲಿತದ್ದು ಮೂರನೆಯ ಕ್ಲಾಸು, ದೇವದುರ್ಗದ ಕಡೆಯ ಕುರಿಗಾರರ ಮನೆಯ ಹೆಣ್ಣುಮಗಳು. ಬರೆಯುವುದು ನನ್ನ ಕೈಗೆ ಒಗ್ಗಿದ ಕೆಲಸವಲ್ಲ. ಆದರೆ ಹಿಗ್ಗು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಏನು ಮಾಡಲಿ.

ನನ್ನ ಮೊಮ್ಮಗಳು ತೊದಲುತ್ತಾಳೆ. ಏಳನೆಯ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಹಾಜರಿ ಕೂಗಿದರೆ ಅವಳ ಬಾಯಿಂದ ಆ ಒಂದು ಮಾತು ಬೇಗ ಹೊರಡುತ್ತಿರಲಿಲ್ಲ. ಹುಡುಗರು ನಕ್ಕರು. ಆಮೇಲೆ ಬರೀ ಕೈ ಎತ್ತತೊಡಗಿದಳು. ಬರುಬರುತ್ತ ಮನೆಯಲ್ಲೂ ತಲೆಯಾಡಿಸುವುದೇ ಮಾತಾಯಿತು. ಸೊಸೆ ನೀರಮಾನ್ವಿ ಎಲ್ಲಮ್ಮನಿಗೆ ಹರಕೆ ಹೊತ್ತಳು. ಹುಡುಗಿ ಮೊಬೈಲಿಗೆ ಅಂಟಿಕೊಂಡಳು.

ಮೊಬೈಲಿನಲ್ಲಿ ಒಂದು ಆಟ. ಕೋಡು, ರೆಕ್ಕೆ, ಉಗುರು ಇರುವ ಕಂಡರಿಯದ ಪ್ರಾಣಿಗಳನ್ನು ಹಿಡಿದು ಸಾಕಬೇಕು, ಅವುಗಳಲ್ಲಿ ಆರನ್ನು ಆರಿಸಿ ತಂಡ ಕಟ್ಟಬೇಕು, ಇನ್ನೊಬ್ಬರ ತಂಡದ ಮೇಲೆ ಕಾದಾಡಿಸಬೇಕು. ಒಂದು ದಿನ ಮೊಬೈಲಿನ ಗಾಜು ಒಡೆಯಿತು. ರಿಪೇರಿಗೆ ಒಯ್ದೆವು. ಗಾಜು ಹಾಕಿ ನೋಡಿದವನು ಅವಳ ಆಟವನ್ನು ಕಂಡ. ಆ ಆಟ ಅವನಿಗೂ ಹುಚ್ಚು ಎಂದು ನಮಗೇನು ಗೊತ್ತು? ಪ್ರತಿ ಭಾನುವಾರ ಅವನ ಅಂಗಡಿಯ ಬೆಂಚಿನ ಮೇಲೆ ಓಣಿಯ ಏಳೆಂಟು ಮಕ್ಕಳು ಅದನ್ನೇ ಆಡುತ್ತಿದ್ದರು.

ಅವಳ ಆರೂ ಪ್ರಾಣಿಗಳು ಬೆಂಕಿ ಉಗುಳುವಂಥವು. ನೋಡಿ ಅವನು ನಗಲಿಲ್ಲ. ಒಂದು ಖಾಲಿ ಡಬ್ಬಿಯ ರಟ್ಟು ಹರಿದು, ನಡುವೆ ಗೆರೆ ಎಳೆದು, ಪೆನ್ನು ಕೊಟ್ಟ. ಅವನ ಅಂಗಡಿಯಲ್ಲಿ ರಟ್ಟು ಬರೆಯದೆ ಯಾರೂ ಆಡುವ ಹಾಗಿರಲಿಲ್ಲ.

“ಯಾವುದು ಎಷ್ಟು ಜೋರು ಅದ ಅಂತ ಬರಿಬ್ಯಾಡವ್ವಾ. ಯಾವುದು ಯಾವುದಕ್ಕ ಅಂಜತದ, ಅದನ್ನ ಬರಿ. ಬಾಜೂಕ, ಆ ಅಂಜಿಕಿಗೆ ಅಡ್ಡ ನಿಲ್ಲೋರು ಯಾರಂತ ಬರಿ.”

ಮೊಮ್ಮಗಳು ಗೆರೆಯ ಈಚೆಗೆ ಆರು ಸಲ ‘ನೀರು’ ಎಂದು ಬರೆದಳು. ಆಚೆಗೆ ಬರೆಯಲು ಒಂದು ಹೆಸರೂ ಸಿಗಲಿಲ್ಲ. ತನ್ನ ರಟ್ಟನ್ನು ತಾನೇ ನೋಡಿ ನಕ್ಕಳು. ಅವಳ ನಗು ಕೇಳಿ ಎಷ್ಟೋ ತಿಂಗಳಾಗಿತ್ತು.

ಅಂದಿನಿಂದ ನಾವಿಬ್ಬರೂ ಭಾನುವಾರದ ಗಿರಾಕಿಗಳು. ಬೆಂಕಿಯವು ಎರಡು ಉಳಿದವು. ನೀರು ಕುಡಿದು ಬೆಳೆಯುವ ಸೊಪ್ಪಿನದೊಂದು, ಪೆಟ್ಟು ತಿಂದು ನಿಲ್ಲುವ ಕಲ್ಲಿನದೊಂದು, ಗಾಯ ಮಾಯಿಸುವುದೊಂದು ಬಂದವು; ಆರನೆಯದು ವಾರಕ್ಕೊಂದು ಬದಲಾಗುತ್ತಿತ್ತು. ಜೋರಿನವೇ ಬೇಕು ಎಂದು ಹಟ ಹಿಡಿದವರಿಗೆ ಅವನದು ಒಂದೇ ಮಾತು: “ಆರೂ ಮಂದಿ ಗೌಡ್ರಾದ್ರ ನೀರು ಹೊರೋರು ಯಾರಲೇ?”

ಒಂದು ಭಾನುವಾರ ಮೊಮ್ಮಗಳಿಗೆ ಬೇರೆ ರಟ್ಟು ಕೊಟ್ಟು, ಈಗ ನಿನ್ನ ಅಂಜಿಕೆ ಬರೆ ಎಂದ. ಅವಳು ಬಹಳ ಹೊತ್ತು ಕೂತು ಒಂದೇ ಮಾತು ಬರೆದಳು: ‘ಹಾಜರಿ’. ಗೆರೆಯ ಆಚೆ ಖಾಲಿ. ಅವನು ಅದನ್ನು ಓದಿ, ಮೇಜಿನ ಗಾಜಿನ ಕೆಳಗೆ ಇಟ್ಟ. “ಇದಕ್ಕಿನ್ನಾ ಯಾರೂ ಸಿಕ್ಕಿಲ್ಲ. ಇರಲಿ, ಗಡಿಬಿಡಿ ಏನದ” ಎಂದು ಮತ್ತೆ ಕೆಲಸಕ್ಕೆ ಬಾಗಿದ.

ತಂಡವೇನೋ ಚೆನ್ನಾಗಿ ಕೂಡಿತ್ತು, ಆದರೂ ಸೋಲುತ್ತಿತ್ತು. ಬೆಂಕಿಯವನ್ನು ಮೊದಲು ಬಿಟ್ಟರೆ ಅವು ಮೊದಲೇ ಬೀಳುತ್ತಿದ್ದವು. ಕಡೆಗೆ ಉಳಿಸಿಕೊಂಡರೆ ಅಷ್ಟರಲ್ಲಿ ಉಳಿದವು ಸತ್ತಿರುತ್ತಿದ್ದವು. ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ.

“ಅಲ್ಲಪ್ಪಾ, ಇದರಾಗ ಬರೇ ಕುರಿ ಅದಾವ. ಆಡು ಎಲ್ಲದ?”

ಅವನಿಗೆ ತಿಳಿಯಲಿಲ್ಲ. ಹೇಳಿದೆ. ನಮ್ಮ ಮನೆಯಲ್ಲಿ ಕುರಿ ಹಿಂಡಿನೊಳಗೆ ನಾಲ್ಕಾರು ಆಡು ಬಿಡುತ್ತಿದ್ದೆವು. ಸಿರವಾರದ ಕಡೆ ಗದ್ದೆ ಕೊಯ್ದ ಮೇಲೆ ಮೇಯಿಸಲು ಹೋದರೆ ನೀರಿನ ಕಾಲುವೆಗಳು ಅಡ್ಡ ಬರುತ್ತವೆ. ನೀರು ಕಂಡರೆ ಕುರಿ ಒಂದು ಹೆಜ್ಜೆ ಇಡುವುದಿಲ್ಲ. ಎಷ್ಟು ಕೊಬ್ಬಿದ ಟಗರಾದರೂ ದಂಡೆಯ ಮೇಲೆ ನಿಂತುಬಿಡುತ್ತದೆ. ಆಡಿಗೆ ಉಣ್ಣೆಯಿಲ್ಲ, ತೂಕವಿಲ್ಲ, ಆದರೆ ಅದು ಮೊದಲು ಇಳಿಯುತ್ತದೆ. ಅದರ ಬೆನ್ನಿಗೆ ಇಡೀ ಹಿಂಡು ಇಳಿಯುತ್ತದೆ.

ಅವನು ಕಣ್ಣಿನ ಭೂತಗನ್ನಡಿ ತೆಗೆದು ನನ್ನನ್ನೇ ನೋಡಿದ. “ಯವ್ವಾ, ಇಷ್ಟು ದಿನ ಈ ಮಾತು ಎಲ್ಲಿ ಮುಚ್ಚಿಟ್ಟಿದ್ದಿ?”

ಅಂದೇ ಒಂದು ಸಣಕಲು ಪ್ರಾಣಿಯನ್ನು ಹುಡುಕಿ ಆರನೆಯದಾಗಿ ಹಾಕಿದರು. ಕಾಲು ಚುರುಕು, ಮೈಯಲ್ಲಿ ಬಲವಿಲ್ಲ. ಮೊದಲು ನುಗ್ಗಿ, ಎದುರಿನವರ ಕಣ್ಣಿಗೆ ಧೂಳೆರಚಿ, ಹಿಂದಿನವರಿಗೆ ದಾರಿ ಮಾಡಿ ಬೀಳುವುದೇ ಅದರ ಕೆಲಸ. ಅಂಗಡಿಯಲ್ಲಿ ಎಲ್ಲರೂ ಅದನ್ನು ಆಡು ಎಂದೇ ಕರೆದರು.

ಆ ವರ್ಷ ಮಾನ್ವಿಯಲ್ಲಿ ಹುಡುಗರು ಕೂಡಿ ಒಂದು ಪಂದ್ಯ ಇಟ್ಟರು. ಜೋಡಿಯಾಟ. ತನ್ನ ಪ್ರಾಣಿ ಏನು ಮಾಡಲಿದೆ ಎಂದು ಪ್ರತಿ ಸಲ ಜೊತೆಯವರಿಗೆ ಬಾಯಿಬಿಟ್ಟು ಹೇಳಬೇಕು. ಮೊಮ್ಮಗಳು ಒಲ್ಲೆನೆಂದು ತಲೆಯಾಡಿಸಿದಳು. ಅವನು ಒತ್ತಾಯ ಮಾಡಲಿಲ್ಲ; ಅಲ್ಲಿ ಮನಸ್ಸಾದರೆ ಆಡುವಿಯಂತೆ, ಇಲ್ಲವಾದರೆ ನೋಡಿಕೊಂಡು ಬರೋಣ ಎಂದ. ಚಂದ್ರಬಂಡದಿಂದ ಕಾಲೇಜಿಗೆ ಬರುವ ಒಬ್ಬ ಹುಡುಗಿಯನ್ನು ಜೋಡಿ ಮಾಡಿ, ನಮ್ಮನ್ನು ಬಸ್ಸು ಹತ್ತಿಸಿ ತಾನೂ ಹತ್ತಿದ.

ಮೊದಲ ಆಟದಲ್ಲಿ ಮೊಮ್ಮಗಳ ಬಾಯಿ ಕಟ್ಟಿತು. ಜೋಡಿಯಾಕೆ ಕಾಯುತ್ತಿದ್ದಾಳೆ, ಇವಳ ತುಟಿ ನಡುಗುತ್ತಿದೆ, ಹಿಂದೆ ಯಾರೋ ಕಿಸಕ್ಕೆಂದರು. ನಾನು ಎದ್ದೆ. ಅವನು ನನ್ನ ಸೆರಗು ಹಿಡಿದು ಕೂರಿಸಿದ. ಆಮೇಲೆ ಬಂತು ನೋಡಿ:

“ಅ... ಅ... ಅಕ್ಕಾ, ನನ್ನ ಆಡು ಬೀಳ್ತದ. ನೀ... ನೀ ಹೊಡಿ.”

ತೊದಲಿದಳು, ಆದರೆ ಹೇಳಿದಳು. ಆಡು ಬಿತ್ತು, ಅಕ್ಕ ಹೊಡೆದಳು, ಗೆದ್ದರು. ಮೂರನೆಯ ಆಟದಲ್ಲಿ ಸೋತರು, ಅದಿರಲಿ. ಮಾನ್ವಿಯಿಂದ ರಾಯಚೂರಿನವರೆಗೆ ಮೊಮ್ಮಗಳು ಬಾಯಿ ಮುಚ್ಚಲಿಲ್ಲ. ಕಂಡಕ್ಟರನಿಗೂ ಆಟ ವಿವರಿಸಿದಳು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಮರುದಿನ ಅವನು ಗಾಜಿನ ಕೆಳಗಿನ ರಟ್ಟು ತೆಗೆದುಕೊಟ್ಟ. ಖಾಲಿ ಜಾಗದಲ್ಲಿ ಅವಳು ‘ಆಡು’ ಎಂದು ಬರೆದಳು. ನಾನು ಚೇಷ್ಟೆಗೆ ಕೇಳಿದೆ, ಎಲ್ಲರ ಅಂಜಿಕೆ ಬರೆಸುತ್ತೀಯಲ್ಲ, ನಿನ್ನದೇನಪ್ಪಾ ಎಂದು.

“ನಾ ಬಾಗಲಾ ಹಾಕಿದ ದಿನ ಈ ಹುಡುಗೂರು ಎಲ್ಲಿ ಕುಂದರ್ತಾರ ಯವ್ವಾ, ಅದೇ.”

“ನಮ್ಮ ಮನಿ ಕಟ್ಟಿ ಅದಲ್ಲೋ” ಎಂದೆ. ಅವನು ನಕ್ಕು ಒಂದು ರಟ್ಟಿನ ಮೇಲೆ ಅದನ್ನೂ ಬರೆದುಕೊಂಡ.

ಹೋದ ಶ್ರಾವಣದಲ್ಲಿ ಒಂದು ಮುಂಜಾನೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮುಂದಿನ ಭಾನುವಾರ ಮಕ್ಕಳು ಬಂದು ಮುಚ್ಚಿದ ಷಟರಿನ ಮುಂದೆ ನಿಂತರು. ಒಬ್ಬರೂ ಮನೆಗೆ ಹೋಗಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕರೆಯಬೇಕೆಂದು ಹೊಸ್ತಿಲು ದಾಟಿದೆ. ಅಷ್ಟರಲ್ಲಿ ನನ್ನ ಪಕ್ಕದಿಂದ ಮೊಮ್ಮಗಳು ಕಟ್ಟೆ ಇಳಿದು ಓಣಿಯ ನಡುವೆ ಹೋದಳು.

“ಬ... ಬ... ಬರ್ರಿ. ನಮ್ಮ ಮನಿ ಕಟ್ಟಿ ಅದ.”

ಒಬ್ಬೊಬ್ಬರಾಗಿ ಅವಳ ಹಿಂದೆ ಬಂದರು. ನಾನು ಒಳಗೆ ಹೋಗಿ, ಹಿಂಡಿನ ಕಾಲದ ಕರಿಕಂಬಳಿಯನ್ನು ತಂದು ಹಾಸಿದೆ.