ಯಶವಂತಪುರದಲ್ಲಿ ನಾಲ್ಕು ಬಾಟಲಿ ನೀರು

ಸಂಜೆ ಆರು ನಲವತ್ತಕ್ಕೆ ಯಶವಂತಪುರದ ಪ್ಲಾಟ್‌ಫಾರ್ಮಿನ ಅಂಗಡಿಯ ಮುಂದೆ ಅಣ್ಣನೂ ನಾನೂ ಎದುರಾದೆವು.

“ನೀನ್ಯಾಕೆ ಇಳಿದೆ?” ಎಂದ.

“ನೀರು ತರೋಕೆ. ನೀನು?”

ಅವನ ಕೈಯಲ್ಲೂ ಎರಡು ಬಾಟಲಿ ಇದ್ದವು.

ಪ್ರತಿ ಪ್ರವಾಸದಲ್ಲೂ ನೀರು ತರಲು ಇಳಿದು, ರೈಲು ಅಲುಗಿದ ಮೇಲಷ್ಟೇ ಹತ್ತುತ್ತಿದ್ದವರು ಅಪ್ಪ. ಅವರು ತೀರಿಕೊಂಡ ಮೇಲೆ ಇದು ನಮ್ಮ ಮೊದಲ ಪ್ರವಾಸ, ಅಮ್ಮನ ಜೊತೆ ಗೋಕರ್ಣಕ್ಕೆ. ಆ ಕೆಲಸ ಇನ್ನು ತನ್ನದೆಂದುಕೊಂಡು ಇಬ್ಬರೂ ಹೇಳದೆ ಕೇಳದೆ ಬೇರೆ ಬೇರೆ ಬಾಗಿಲಿನಿಂದ ಇಳಿದಿದ್ದೆವು.

ಅಷ್ಟರಲ್ಲಿ ರೈಲು ಹೊರಟಿತು. ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕಂಕುಳಲ್ಲಿ ಚಕ್ಕುಲಿ ಡಬ್ಬ, ಒಂದು ಕಾಲು ಆಗಲೇ ಮೆಟ್ಟಿಲು ಬಿಟ್ಟು ಕೆಳಗಿತ್ತು.

“ನನ್ನೊಬ್ಬಳನ್ನೇ ಕಳಿಸ್ತೀರೇನ್ರೋ?”

“ಇಳೀಬೇಡಮ್ಮಾ!” ಅಣ್ಣ ಓಡಿಹೋಗಿ ಅವಳನ್ನು ಅಕ್ಕಿ ಮೂಟೆಯ ಹಾಗೆ ಒಳಕ್ಕೆ ನೂಕಿದ, ತಾನೂ ಹತ್ತಿ ನನ್ನನ್ನು ಎಳೆದುಕೊಂಡ.

ಏದುಸಿರು ನಿಂತ ಮೇಲೆ ಅಮ್ಮ ನಾಲ್ಕು ಬಾಟಲಿಗಳನ್ನೂ ನೋಡಿದಳು. “ನಿಮ್ಮಪ್ಪ ಒಬ್ರೇ ಹೆದರಿಸ್ತಿದ್ರು. ಈಗ ಇಬ್ರು ಸೇರ್ಕೊಂಡ್ರಾ?”

ಅಪ್ಪ ಹೋದ ಮೇಲೆ ಅವಳು ನಮ್ಮನ್ನು ಬೈದದ್ದು ಅದೇ ಮೊದಲು.

ಆ ರಾತ್ರಿ ಕಣ್ಣು ಮುಚ್ಚಿದರೆ ನನಗೆ ಮೆಟ್ಟಿಲು ಬಿಟ್ಟಿದ್ದ ಅಮ್ಮನ ಕಾಲೇ ಕಾಣುತ್ತಿತ್ತು. ಗೋಕರ್ಣದಲ್ಲೂ ರಾತ್ರಿ ನಾವು ಇದ್ದೇವೆಯೇ ಎಂದು ಅಮ್ಮ, ಅವಳು ಇದ್ದಾಳೆಯೇ ಎಂದು ನಾವು ಎದ್ದೆದ್ದು ನೋಡಿಕೊಂಡೆವು. ಕೊನೆಗೆ ಭಾನುವಾರ ರಾತ್ರಿ ಅವಳು ನಮ್ಮಿಬ್ಬರ ಚಪ್ಪಲಿಗಳನ್ನೂ ತನ್ನ ಮಂಚದಡಿಗೆ ತಳ್ಳಿ ಮಲಗಿದಳು. ಬೆಳಗಿನವರೆಗೆ ಮೂವರಿಗೂ ಎಚ್ಚರವಾಗಲಿಲ್ಲ.