ಷಡ್ಡಕನ ಈಮೇಲ್ ವಿಳಾಸ

ಒಪ್ಪಿಕೊಂಡುಬಿಡುತ್ತೇನೆ: ಮುನಿರಾಜುವಿನ ಹೊಸ ಕಾರು ಕಂಡರೆ ನನಗೆ ಏನೂ ಅನ್ನಿಸುವುದಿಲ್ಲ. ಅವನ ಈಮೇಲ್ ವಿಳಾಸ ಕಂಡರೆ ಮಾತ್ರ ಹೊಟ್ಟೆ ಉರಿಯುತ್ತದೆ. ಮುನಿರಾಜು ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ನನ್ನದು ಹೊಸೂರಿನ ತಳಿ ರಸ್ತೆಯಲ್ಲಿ ಗುಲಾಬಿ ಗಿಡಗಳ ನರ್ಸರಿ, ಅವನದೂ ಅದೇ, ಡೆಂಕಣಿಕೋಟೆ ಹತ್ತಿರ. ಗಿಡ ಒಂದೇ, ಮಣ್ಣು ಒಂದೇ, ಮಾವನ ಮನೆಯೂ ಒಂದೇ. ವಿಳಾಸ ಮಾತ್ರ ಬೇರೆ.

ನನ್ನದು ಪುಕ್ಕಟೆ ಈಮೇಲ್. ನರ್ಸರಿಯ ಹೆಸರನ್ನು ಜಗತ್ತಿನಲ್ಲಿ ಇನ್ಯಾರೋ ಮೊದಲೇ ಹಿಡಿದುಕೊಂಡಿದ್ದರಿಂದ ಅದರ ಬಾಲಕ್ಕೆ ನನ್ನ ಮೋಟಾರ್ ಸೈಕಲ್ಲಿನ ನಂಬರು ಸೇರಿಸಬೇಕಾಯಿತು. ಮುನಿರಾಜು ಹಾಗಲ್ಲ. ದುಡ್ಡು ಕಟ್ಟಿ ತನ್ನ ನರ್ಸರಿಯ ಹೆಸರಿನಲ್ಲೇ ಸ್ವಂತ ಇಂಟರ್ನೆಟ್ ವಿಳಾಸ, ಅಂದರೆ ಡೊಮೇನ್, ಕೊಂಡುಕೊಂಡಿದ್ದಾನೆ. ಸೇಲ್ಸ್‌ಗೆ ಒಂದು ವಿಳಾಸ, ಅಕೌಂಟ್ಸ್‌ಗೆ ಇನ್ನೊಂದು. ಯಾವುದಕ್ಕೆ ಬರೆದರೂ ಟಿಂಗ್ ಎನ್ನುವುದು ಅವನ ಅಂಗಿ ಜೇಬೇ. ಇಷ್ಟು ಗೊತ್ತಿದ್ದೂ ಅವನ ವಿಸಿಟಿಂಗ್ ಕಾರ್ಡ್ ನೋಡಿದಾಗಲೆಲ್ಲ, ಎ.ಸಿ. ಹಾಕಿಕೊಂಡು ಹತ್ತು ಜನ ಒಳಗೆ ಕೂತಿದ್ದಾರೆಂದು ನನಗೇ ಅನ್ನಿಸುತ್ತದೆ.

ಸಣ್ಣ ವ್ಯಾಪಾರಕ್ಕೆ ಇದೆಲ್ಲ ಬೇಕೇ? ಬೇಡವೆಂದು ವಾದಿಸಲು ನಾನು ಇತಿಹಾಸಕ್ಕೂ ಕೈಹಾಕಿದ್ದೇನೆ. ನಮ್ಮ ಕಡೆ ಹೊಲದಂಚಿನಲ್ಲಿ ನಿಂತಿರುವ ವೀರಗಲ್ಲುಗಳ ಬರಹದಲ್ಲಿ ದೊರೆಯ ಹೆಸರು ಮೊದಲು, ದನ ಬಿಡಿಸಲು ಹೋಗಿ ಸತ್ತವನ ಹೆಸರು ಆಮೇಲೆ. ಅಂಥ ವೀರರೇ ದೊಡ್ಡವರ ಹೆಸರಿಗೆ ಅಂಟಿಕೊಂಡು ಉಳಿದಿರುವಾಗ, ಗುಲಾಬಿ ಮಾರುವ ನಾನು ಪುಕ್ಕಟೆ ಈಮೇಲ್ ಕೊಡುವ ಯಾವುದೋ ದೊಡ್ಡ ಕಂಪನಿಯ ಹೆಸರಿಗೆ ಜೋತುಬಿದ್ದರೆ ತಪ್ಪೇನು? ಇದನ್ನು ಹೆಂಡತಿಗೆ ವಿವರಿಸಿದೆ. "ಅಂಗಾದ್ರೆ ಮುನಿರಾಜು ತಾನೇ ದೊರೆ ಆಗ್ಬುಟ್ಟ ಅನ್ನಿ," ಅಂದಳು. ಅವತ್ತು ಊಟ ಸೇರಲಿಲ್ಲ.

ಅಷ್ಟರಲ್ಲಿ ಹೊಸೂರಿನ ಒಂದು ಫ್ಯಾಕ್ಟರಿಯವರು ತಮ್ಮ ತೋಟಕ್ಕೆ ಗುಲಾಬಿ ಗಿಡ ಬೇಕೆಂದು ನಮ್ಮಿಬ್ಬರಿಂದಲೂ ಕೊಟೇಶನ್ ಕೇಳಿದರು. ಸಿಕ್ಕರೆ ಆ ವರ್ಷದ ಅತಿ ದೊಡ್ಡ ಆರ್ಡರು. ಮೋಟಾರ್ ಸೈಕಲ್ ನಂಬರಿನ ವಿಳಾಸದಿಂದ ಕಳಿಸಿದರೆ ಮುನಿರಾಜುವಿನ ಮುಂದೆ ಬೀದಿಯಲ್ಲಿ ಕೂಗಿ ಹೂ ಮಾರುವವನಂತೆ ಕಾಣುತ್ತೇನೆಂದು ಹೆದರಿ ನಾನೂ ಡೊಮೇನ್ ಕೊಂಡೆ. ಅವನದು ಎರಡು ವಿಳಾಸವಾದರೆ ನನ್ನದು ನಾಲ್ಕು. ಹೊಸ ವಿಳಾಸದಿಂದ ಕೊಟೇಶನ್ ಕಳಿಸಿ, ಗಿಡಗಳಿಗೆ ನೀರು ಬಿಡುವುದನ್ನೂ ಮರೆತು ಫೋನ್ ನೋಡುತ್ತಾ ಕೂತೆ. ಉತ್ತರವಿಲ್ಲ.

ಕೊನೆಗೆ ಫ್ಯಾಕ್ಟರಿಯ ಮ್ಯಾನೇಜರೇ ಫೋನ್ ಮಾಡಿದರು. ಗುರುತಿಲ್ಲದ ಹೊಸ ವಿಳಾಸವೆಂದು ಅವರ ಕಂಪ್ಯೂಟರು ನನ್ನ ಪತ್ರವನ್ನು ಸ್ಪ್ಯಾಮಿಗೆ ತಳ್ಳಿತ್ತಂತೆ. ಆರ್ಡರನ್ನು ಪೂರ್ತಿ ಮುನಿರಾಜುವಿಗೇ ಕೊಡಲು ಹೊರಟಾಗ ಅವನೇ, ನಮ್ಮಣ್ಣನೂ ಕಳಿಸಿರುತ್ತಾರೆ, ಇನ್ನೊಮ್ಮೆ ಹುಡುಕಿ ನೋಡಿ ಎಂದನಂತೆ. ಹುಡುಕಿದರು, ಸಿಕ್ಕಿತು. ಕೆಂಪು ಗುಲಾಬಿಯ ಆರ್ಡರೆಲ್ಲ ನನಗೆ ಬಂತು, ಮಿಕ್ಕ ಬಣ್ಣಗಳದು ಅವನಿಗೆ.

ಸಂಜೆ ಮುನಿರಾಜುವಿಗೆ ಫೋನ್ ಮಾಡಿ ರೇಗಿದೆ. "ಯಾಕ್ಲಾ ಹೇಳಕ್ಕೋದೆ? ಪೂರ್ತಿ ನಿಂಗೇ ಬತ್ತಿತ್ತಲ್ಲ?"

"ಇರೋದ್ನೇ ಹೇಳ್ದೆ ಕಣಣ್ಣ. ನಿಮ್ ಕೆಂಪು ಗುಲಾಬಿ ಮುಂದೆ ನಂದು ಯಾವ್ ಲೆಕ್ಕ?"

ಫೋನ್ ಇಟ್ಟು ಗಿಡಗಳಿಗೆ ನೀರು ಬಿಡಲು ಹೋದೆ. ಅವನ ವಿಳಾಸದ ಮೇಲಿನ ಹೊಟ್ಟೆಕಿಚ್ಚು ಆರಿಹೋಗಿದೆ. ಅಂಥ ವಿಳಾಸಗಳು ಈಗ ನನ್ನ ಹತ್ತಿರವೂ ಇವೆ. ಆದರೆ ಅವನ ಜಾಗದಲ್ಲಿ ನಾನಿದ್ದಿದ್ದರೆ ಆ ಮಾತು ಆಡುತ್ತಿದ್ದೆನೇ ಎಂದು ಕೇಳಿಕೊಂಡಾಗಿನಿಂದ ಹೊಸದೊಂದು ಕಿಚ್ಚು ಹತ್ತಿಕೊಂಡಿದೆ. ಇದಕ್ಕೆ ಯಾರಿಗೆ ದುಡ್ಡು ಕಟ್ಟಬೇಕೋ ತಿಳಿಯದು.