ಚಹಾ ತೋಟ ನೋಡಿ ಬಂದ ಅಕ್ಕ

ಮಗಳು ನೀಲಗಿರಿಯಿಂದ ತಂದ ಚಹಾಪುಡಿಯ ಪೊಟ್ಟಣ ಬಿಚ್ಚಿದೆ. ಆ ಘಮಕ್ಕೆ, ಬೀದರ ಜಿಲ್ಲೆಯ ಡಾಬಕಾದಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ಅಕ್ಕ ಎದುರಿಗೇ ಬಂದು ಕೂತಂತಾಯಿತು... ನಾನಾಗ ಅಲ್ಲಿಯ ಶಾಲೆಯ ಮಾಸ್ತರ.

ಬರದ ವರ್ಷಗಳವು. ಜನ ಮಕ್ಕಳನ್ನು ಕಟ್ಟಿಕೊಂಡು ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತಿದ್ದರು. ನನ್ನ ತರಗತಿ ವಾರವಾರಕ್ಕೂ ಖಾಲಿಯಾಗುತ್ತಿತ್ತು. ಅಕ್ಕನೂ ಎರಡು ವರ್ಷ ನೀಲಗಿರಿಯಲ್ಲಿ ಚಹಾ ಎಲೆ ಕಿತ್ತು ಬಂದವಳು. ಬಂದ ಮೇಲೆ ಅವಳದು ಒಂದೇ ಹಟ: ಸೊಸೆ, ಮೊಮ್ಮಕ್ಕಳು, ಓಣಿಯವರು ಯಾರೂ ಇನ್ನು ಊರು ಬಿಡಬಾರದು.

“ಅಲ್ಲಿ ತೋಟ ನೋಡ್ಲಾಕ ಬಂದ ಮಂದಿ ನಮ್ಮ ಬುಟ್ಟಿ ಬೆನ್ನಿಗಿ ಹಾಕ್ಕೊಂಡು ಎಲಿ ಕೀಳ್ತಿದ್ರರಿ. ಮ್ಯಾಲ ನಮಗೇ ರೊಕ್ಕಾ ಕೊಡ್ತಿದ್ರು. ಬೀದರ ಕಿಲ್ಲಾ ನೋಡ್ಲಾಕ ಬರೋರು ನಮ್ಮೂರಿಗಿ ಯಾಕ ಬರಬಾರ್ದು, ಮಾಸ್ತರ್ರ?”

“ಬಿಸಿಲು ಬಿಟ್ರ ಇಲ್ಲೇನದ ಅಕ್ಕಾ?” ಎಂದು ನಕ್ಕೆ. ಓದಿದವನ ಜಂಬ.

ಅವಳು ಬಸ್ಸು ಹತ್ತಿ ಬೀದರಿಗೆ ಹೋದಳು. ಕೋಟೆಯ ಮುಂದೆ ಕಾರು ನಿಲ್ಲಿಸುವ ಡ್ರೈವರುಗಳ ಬೆನ್ನು ಬಿದ್ದಳು. ಕಡೆಗೊಂದು ದಿನ ಕೋಟೆ ನೋಡಲು ಬಂದವರ ಜೀಪು ನಮ್ಮೂರಿಗೆ ಬಂದೇಬಿಟ್ಟಿತು. ಓಣಿಯ ಹೆಂಗಸರು ಜೋಳದ ರೊಟ್ಟಿ, ಪುಂಡಿಪಲ್ಯ ಹೊಟ್ಟೆತುಂಬ ಉಣಿಸಿದರು. ಬಂದವರು ರೊಕ್ಕ ತೆಗೆದರೆ ಎಲ್ಲರೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು! ಮನೆಗೆ ಬಂದು ಉಂಡವರಿಂದ ರೊಕ್ಕ ಮುಟ್ಟುವುದೇ? ಸಾಲದ್ದಕ್ಕೆ ಬಂದಿದ್ದ ಹೆಣ್ಣುಮಗಳಿಗೆ ಕುಂಕುಮ ಹಚ್ಚಿ, ಪೆಟ್ಟಿಗೆಯಲ್ಲಿದ್ದ ಹೊಸ ಕುಬಸದ ಖಣವನ್ನೂ ಕೊಟ್ಟು ಕಳಿಸಿದರು. ಜನರನ್ನು ದುಡಿಯಲು ಒಯ್ಯುವ ಗುತ್ತಿಗೆದಾರನ ಲಾರಿ ಬರಲು ತಿಂಗಳೂ ಇರಲಿಲ್ಲ.

ಮರುದಿನ ಎಲ್ಲರನ್ನೂ ಕರೆದು ಕೂಡಿಸಿದಳು. “ಉಣಿಸಿದ್ದಕ್ಕ ತಗೋಬ್ಯಾಡ್ರಿ. ಕಲಿಸಿದ್ದಕ್ಕ ತಗೋರಿ. ನಮ್ಮ ಮಾಸ್ತರ್ರು ಪಗಾರ ತಗೊಂಡೇ ಕಲಿಸ್ತಾರಿಲ್ಲೋ?”

ನಾನು ತಲೆ ತಗ್ಗಿಸಿದೆ. ಹೆಂಗಸರು ಬಿದ್ದುಬಿದ್ದು ನಕ್ಕರು, ಒಪ್ಪಿದರು. ಆಮೇಲೆ ಬಂದವರನ್ನು ಅಕ್ಕ ಹಿಟ್ಟಿನ ಮುಂದೆ ಕೂಡಿಸಿ ರೊಟ್ಟಿ ಬಡಿಯಲು ಹಚ್ಚುತ್ತಿದ್ದಳು. ಹರಿದರೆ ಗದರುತ್ತಿದ್ದಳು, ಅವರು ಖುಷಿಯಿಂದ ಬೈಸಿಕೊಳ್ಳುತ್ತಿದ್ದರು. ಊಟ ಮಾತ್ರ ಎಂದಿನಂತೆ ಪುಕ್ಕಟೆ.

ಆ ವರ್ಷ ಲಾರಿ ಬಂದಾಗ ನಾಲ್ಕಾರು ಗಂಡಸರಷ್ಟೇ ಹತ್ತಿದರು. ಹೆಂಗಸರು, ಮಕ್ಕಳು ಉಳಿದರು. ಎರಡು ವರ್ಷಕ್ಕೆ ಗಂಡಸರೂ ಊರಲ್ಲೇ ನಿಂತರು. ಅಕ್ಕನಂಥ ಬುದ್ಧಿಯನ್ನು ಓದಿದವರಲ್ಲೂ ನಾನು ಹೆಚ್ಚು ಕಂಡಿಲ್ಲ.

ನನಗೆ ಭಾಲ್ಕಿಗೆ ವರ್ಗವಾಯಿತು. ಇಂದು ಹೋಗೋಣ, ನಾಳೆ ಹೋಗೋಣ ಎನ್ನುತ್ತಲೇ ವರ್ಷಗಳು ಹೋದವು... ಅವಳು ತೀರಿಕೊಂಡ ಸುದ್ದಿ ತಡವಾಗಿ ತಿಳಿದು ಮೊನ್ನೆ ಡಾಬಕಾಕ್ಕೆ ಹೋಗಿದ್ದೆ. ಸೊಸೆ ನೀರು ಕೊಟ್ಟು ಎದುರಿಗೆ ಕೂತಳು.

“ಅತ್ತಿ ಹೋದಾಗ ಓಣಿ ಮಂದಿ ಎಲ್ಲಾರೂ ಊರಾಗೇ ಇದ್ದೆವ್ರಿ, ಮಾಸ್ತರ್ರ,” ಎಂದಳು.

ಇಲ್ಲದಿದ್ದವನು ನಾನೊಬ್ಬನೇ.